ಗಂಜಾಮಿನ ಪುಟ್ಟ ದೇವಾಲಯವೂ ದೊಡ್ಡಸ್ವಾಮಿಯವರೂ

ಕುಣಿಗಲ್ಲಿನಿಂದ ನಾಗಮಂಗಲದ ಮಾರ್ಗವಾಗಿ ದಕ್ಷಿಣಕ್ಕೆ ಸಾಗಿದರೆ ಶ್ರೀರಂಗಪಟ್ಟಣ ದೊರೆಯುತ್ತದೆ. ಅಲ್ಲಿನ ಗಂಜಾಮಿನಲ್ಲಿ 1800ರಲ್ಲಿ, ಅಂದರೆ ಹದಿನೆಂಟನೆಯ ಶತಮಾನದ ಕಡೆಯ ವರ್ಷದಲ್ಲಿ, ನಿರ್ಮಾಣಗೊಂಡ ಪುಟ್ಟ ಕಥೋಲಿಕ ದೇವಾಲಯವಿದೆ. ಅದನ್ನು ಕಟ್ಟಿಸಿದವರು ಅಬ್ಬೆ ದುಬಾಯ್. ನಮ್ಮ ಜನ ಅವರನ್ನು ದೊಡ್ಡಸ್ವಾಮಿಯವರೆಂದು ಕರೆದರು.

ಫ್ರಾನ್ಸ್ ದೇಶದ ಆರ್ದೆಶ್ ಸೀಮೆಯಲ್ಲಿ ಜನಿಸಿದ ದುಬಾಯ್, 1792ರಲ್ಲಿ ಗುರುದೀಕ್ಷೆ ಪಡೆದು, ಮಹಾಕ್ರಾಂತಿಯ ಗೊಂದಲದ ನಡುವೆಯೇ ಭಾರತಕ್ಕೆ ಹೊರಟರು. 1773ರಲ್ಲಿ ಯೇಸುಸಭೆಯು ವಿಸರ್ಜನೆಗೊಂಡಿದ್ದರಿಂದ ಮೈಸೂರು ಸೀಮೆಯ ಕ್ರೈಸ್ತರ ಹೊಣೆ ಅವರ ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಪಾಲಿಗೆ ಬಂದಿತ್ತು. 1784ರಲ್ಲಿ ಕೆನರಾದಿಂದ ಟಿಪ್ಪು ಸುಲ್ತಾನರ ಸೆರೆಯಾಳುಗಳಾಗಿ ಬಂದ ಕ್ರೈಸ್ತರಲ್ಲಿ ಅನೇಕರು ಬಲವಂತಕ್ಕೊಳಗಾಗಿ ಮತವನ್ನು ತೊರೆದಿದ್ದರು. 1799ರಲ್ಲಿ ಕೋಟೆ ಪತನವಾದ ಬಳಿಕ ಇಲ್ಲಿಗೆ ಬಂದ ದುಬಾಯ್, ಮರಳಿ ಬರಬಯಸಿದವರನ್ನು ಕರುಣೆಯಿಂದ ಸ್ವೀಕರಿಸಿದರು. ಚದುರಿದ ಮಂದೆ ಮತ್ತೆ ಒಂದೆಡೆ ಸೇರುವುದಕ್ಕೆ ಒಂದು ಬಲಿಪೀಠ ಬೇಕಾಗಿತ್ತು. ಆ ಪುಟ್ಟ ದೇವಾಲಯದ ನಿಜವಾದ ಅಂದ ಇದೇ ಎಂದು ನಾವು ಭಾವಿಸುತ್ತೇವೆ.

ಅವರು ಈ ನೆಲದ ಉಡುಪನ್ನೂ ಆಚಾರವನ್ನೂ ತಮ್ಮದಾಗಿಸಿಕೊಂಡರು. ಸಿಡುಬು ಹಬ್ಬಿದ್ದ ಕಾಲದಲ್ಲಿ, 1803-04ರಲ್ಲಿ, 25,432 ಜನರಿಗೆ ದೇವಿ ಹಾಕಿಸಿದರು. ಬಡ ಕ್ರೈಸ್ತರನ್ನು ಹಾಸನ ಸೀಮೆಯ ಬೇಸಾಯದ ಭೂಮಿಯಲ್ಲಿ ನೆಲೆಗೊಳಿಸಿದರು.

ಲೋಕವು ಅವರನ್ನು ಬಲ್ಲುದು ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಗ್ರಂಥದ ಮೂಲಕ. ಅದರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪೆನಿ ಹಣ ಕೊಟ್ಟು ಪಡೆದು, 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಗುವಂತೆ ಮಾಡಿತು. ಆದರೆ ಆ ಬರಹದ ಬಹುಭಾಗಕ್ಕೆ ಯೇಸುಸಭೆಯ ಕರ್ದೂ ಸ್ವಾಮಿಗಳ ಹಸ್ತಪ್ರತಿಯೇ ಆಧಾರವೆಂದು 1987ರಲ್ಲಿ ವಿದ್ವಾಂಸರು ತೋರಿಸಿಕೊಟ್ಟರು. 1823ರಲ್ಲಿ ಸ್ವದೇಶಕ್ಕೆ ಮರಳಿದ ದುಬಾಯ್, ಹಿಂದೂಗಳು ಕ್ರೈಸ್ತಮತಕ್ಕೆ ಒಲಿಯುವುದು ಅಸಾಧ್ಯವೆಂದು ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ ಸಾರಿದರು. ಮೂವತ್ತೊಂದು ವರ್ಷಗಳ ದುಡಿಮೆ ಅವರಿಗೇ ನಿಷ್ಫಲವೆನಿಸಿತು. ಮುಂದೆ ತಮ್ಮ ಸಂಸ್ಥೆಯ ಮುಖ್ಯಸ್ಥರೂ ಆಗಿ, 1848ರ ಫೆಬ್ರವರಿ 17ರಂದು ಪ್ಯಾರಿಸ್ಸಿನಲ್ಲಿ ದೈವಾಧೀನರಾದರು.

ಕೀರ್ತಿ ತಂದ ಗ್ರಂಥದ ಬಹುಭಾಗ ಅವರದಲ್ಲ. ಅವರದೇ ಆದ ತೀರ್ಮಾನವೋ ನಿರಾಶೆಯದು. ಆದರೆ ಮರಳಿ ಬಂದವರಿಗಾಗಿ ತೆರೆದ ಬಾಗಿಲು, ಸಾವಿನಿಂದ ಪಾರಾದ ಮಕ್ಕಳು, ಬಡವನ ಹೊಲದ ಪೈರು, ಇವು ಅವರವೇ. ಕರ್ತೃವಿನ ಅಳತೆಗೋಲಿನಿಂದ ಕಾರ್ಯದ ಫಲವನ್ನು ಅಳೆಯಲಾಗದೆಂಬುದನ್ನು ತತ್ತ್ವಶಾಸ್ತ್ರದ ಗ್ರಂಥಗಳಿಗಿಂತ ಗಂಜಾಮಿನ ಗೋಡೆಗಳು ನಮಗೆ ಸ್ಪಷ್ಟವಾಗಿ ಹೇಳುತ್ತವೆ. ತುಮಕೂರು, ಗುಬ್ಬಿ, ಕುಣಿಗಲ್ಲಿನ ವಿಶ್ವಾಸಿಗಳು ಒಮ್ಮೆಯಾದರೂ ಅಲ್ಲಿಗೆ ಹೋಗಿ ಪ್ರಾರ್ಥಿಸಿ ಬರಲಿ.