ಬೆನಗಲ್ ನರಸಿಂಗ ರಾವ್

ಸರ್ ಬೆನಗಲ್ ನರಸಿಂಗ ರಾವ್ (26 ಫೆಬ್ರವರಿ 1887 – 30 ನವೆಂಬರ್ 1953) ಭಾರತದ ನ್ಯಾಯಾಧೀಶರು, ಆಡಳಿತಗಾರರು ಹಾಗೂ ರಾಜತಂತ್ರಜ್ಞರು. ಬಿ. ಎನ್. ರಾವ್ ಎಂದೇ ಪ್ರಸಿದ್ಧರಾದ ಇವರು ಸಂವಿಧಾನ ಸಭೆಯ ಸಾಂವಿಧಾನಿಕ ಸಲಹೆಗಾರರಾಗಿದ್ದರು. ಹಿಂದೂ ಕಾನೂನು ಸಮಿತಿಯ ಅಧ್ಯಕ್ಷರಾಗಿ ಇವರು ಸಿದ್ಧಪಡಿಸಿದ ಸಂಹಿತೆಯ ಕರಡು, ಹಿಂದೂ ಮಹಿಳೆಯರ ಆಸ್ತಿ, ವಿವಾಹ ಮತ್ತು ವಿಚ್ಛೇದನದ ಹಕ್ಕುಗಳ ಕುರಿತು 1955 ಮತ್ತು 1956ರಲ್ಲಿ ಜಾರಿಗೆ ಬಂದ ಕಾಯಿದೆಗಳಿಗೆ ತಳಹದಿಯಾಯಿತು.

ಆರಂಭಿಕ ಜೀವನ

ನರಸಿಂಗ ರಾಯರು ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಚಿತ್ರಾಪುರ ಸಾರಸ್ವತ ಕುಟುಂಬದಲ್ಲಿ ಜನಿಸಿದರು. ತಂದೆ ಬೆನಗಲ್ ರಾಘವೇಂದ್ರ ರಾವ್ ವೈದ್ಯರಾಗಿದ್ದರು. ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಬೆನಗಲ್ ರಾಮ ರಾವ್ ಮತ್ತು ಪತ್ರಕರ್ತ ಬಿ. ಶಿವರಾವ್ ಇವರ ಸೋದರರು. ಮಂಗಳೂರಿನ ಕೆನರಾ ಪ್ರೌಢಶಾಲೆಯಲ್ಲಿ ಓದಿ, ಮದ್ರಾಸ್ ವಿಶ್ವವಿದ್ಯಾಲಯದ ಪದವಿ ಪಡೆದು, ವಿದ್ಯಾರ್ಥಿವೇತನದ ನೆರವಿನಿಂದ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಸೇರಿದರು. ಭಾರತೀಯ ನಾಗರಿಕ ಸೇವೆಗೆ ಆಯ್ಕೆಯಾಗಿ ಬಂಗಾಳ ಮತ್ತು ಅಸ್ಸಾಂ ಪ್ರಾಂತ್ಯಗಳಲ್ಲಿ ಕಾರ್ಯನಿರ್ವಹಿಸಿದರು. 1935ರ ಭಾರತ ಸರ್ಕಾರ ಕಾಯಿದೆಗೆ ಅನುಗುಣವಾಗಿ ದೇಶದ ಶಾಸನಗಳನ್ನು ಪರಿಷ್ಕರಿಸುವ ಹೊಣೆ ಇವರ ಪಾಲಿಗೆ ಬಂತು. 1938ರಲ್ಲಿ ಸರ್ ಪದವಿ ದೊರೆಯಿತು. ಮುಂದೆ ಕಲ್ಕತ್ತಾ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು.

ಹಿಂದೂ ಕಾನೂನು ಸಮಿತಿ

ಜಿ. ವಿ. ದೇಶಮುಖರ ಪ್ರಯತ್ನದಿಂದ 1937ರಲ್ಲಿ ಹಿಂದೂ ಮಹಿಳೆಯರ ಆಸ್ತಿ ಹಕ್ಕುಗಳ ಕಾಯಿದೆ ಜಾರಿಗೆ ಬಂದಿತ್ತು. ಅದು ಗಂಡನ ಆಸ್ತಿಯಲ್ಲಿ ವಿಧವೆಗೆ ಪಾಲು ನೀಡಿತಾದರೂ ಆ ಹಕ್ಕು ಜೀವಿತಾವಧಿಗೆ ಮಾತ್ರ ಸೀಮಿತವಾಗಿತ್ತು. ಹೆಣ್ಣುಮಕ್ಕಳಿಗೆ ಅದರಿಂದ ಪಾಲು ದೊರೆಯಲಿಲ್ಲ. ಕೃಷಿ ಭೂಮಿ ಪ್ರಾಂತ್ಯಗಳ ಅಧಿಕಾರಕ್ಕೆ ಸೇರಿದ ವಿಷಯವಾದ್ದರಿಂದ ಅದೂ ಕಾಯಿದೆಯ ವ್ಯಾಪ್ತಿಯಿಂದ ಹೊರಗುಳಿಯಿತು. ಈ ಕೊರತೆಗಳನ್ನು ಪರಿಶೀಲಿಸಲು ಸರ್ಕಾರವು 1941ರ ಜನವರಿಯಲ್ಲಿ ರಾಯರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಕಲ್ಕತ್ತಾ ಉಚ್ಚ ನ್ಯಾಯಾಲಯದ ಮಾಜಿ ನ್ಯಾಯಾಧೀಶ ದ್ವಾರಕಾನಾಥ ಮಿತ್ತರ್, ಪುಣೆಯ ಕಾನೂನು ಕಾಲೇಜಿನ ಜೆ. ಆರ್. ಘಾರ್ಪುರೆ ಮತ್ತು ಬರೋಡದ ವಿ. ವಿ. ಜೋಷಿ ಇದರ ಸದಸ್ಯರಾಗಿದ್ದರು.

ಬಿಡಿಬಿಡಿ ತಿದ್ದುಪಡಿಗಳು ಒಂದು ತೊಡಕನ್ನು ನಿವಾರಿಸಿ ಇನ್ನೊಂದನ್ನು ಹುಟ್ಟಿಸುತ್ತವೆಂದು ಕಂಡುಕೊಂಡ ಸಮಿತಿ, ಇಡೀ ಹಿಂದೂ ಕಾನೂನನ್ನು ಹಂತಹಂತವಾಗಿ ಸಂಹಿತೆಯ ರೂಪಕ್ಕೆ ತರಬೇಕೆಂದು ಶಿಫಾರಸು ಮಾಡಿತು. ಉತ್ತರಾಧಿಕಾರ ಮತ್ತು ವಿವಾಹಕ್ಕೆ ಸಂಬಂಧಿಸಿದ ಎರಡು ಮಸೂದೆಗಳನ್ನೂ ಸಿದ್ಧಪಡಿಸಿತು. ಉತ್ತರಾಧಿಕಾರ ಮಸೂದೆಯನ್ನು ಪರಿಶೀಲಿಸಿದ ಉಭಯ ಸದನಗಳ ಜಂಟಿ ಸಮಿತಿಯು ಸಂಹಿತೆಯ ಕಾರ್ಯ ಪೂರ್ಣಗೊಳ್ಳಬೇಕೆಂದು ಅಭಿಪ್ರಾಯಪಟ್ಟಿತು. ಅದರಂತೆ 1944ರಲ್ಲಿ ರಾಯರ ಸಮಿತಿ ಮರುಜೀವ ಪಡೆಯಿತು. ಈ ಬಾರಿ ಜೋಷಿಯವರ ಸ್ಥಾನಕ್ಕೆ ಟಿ. ಆರ್. ವೆಂಕಟರಾಮ ಶಾಸ್ತ್ರಿ ಬಂದರು.

ಸಮಿತಿಯ ಕರಡನ್ನು ಹಲವು ಭಾರತೀಯ ಭಾಷೆಗಳಿಗೆ ಅನುವಾದಿಸಿ ಪ್ರಕಟಿಸಲಾಯಿತು. 1945ರಲ್ಲಿ ಸಮಿತಿಯು ಮುಂಬಯಿ, ಪುಣೆ, ದೆಹಲಿ, ಅಲಹಾಬಾದ್, ಪಾಟ್ನಾ, ಕಲ್ಕತ್ತಾ, ಮದ್ರಾಸ್, ನಾಗಪುರ ಮತ್ತು ಲಾಹೋರ್‌ಗಳಲ್ಲಿ ಸಂಚರಿಸಿ ಸಾಕ್ಷ್ಯ ಸಂಗ್ರಹಿಸಿತು. ವ್ಯಕ್ತಿಗಳು ಮತ್ತು ಸಂಘಸಂಸ್ಥೆಗಳು ಸೇರಿ ಇನ್ನೂರಕ್ಕೂ ಹೆಚ್ಚು ಮಂದಿ ಹೇಳಿಕೆ ನೀಡಿದರು. ಅಖಿಲ ಭಾರತ ಮಹಿಳಾ ಸಮ್ಮೇಳನವು ಸುಧಾರಣೆಯ ಪರವಾಗಿ ನಿಂತಿತು. ಹೆಣ್ಣುಮಕ್ಕಳಿಗೆ ಪಾಲು ನೀಡಿದರೆ ಜಮೀನು ಚೂರುಚೂರಾಗುತ್ತದೆ, ಕುಟುಂಬ ಒಡೆಯುತ್ತದೆ ಎಂಬುದು ವಿರೋಧಿಗಳ ಮುಖ್ಯ ವಾದವಾಗಿತ್ತು.

ವರದಿ ಮತ್ತು ಭಿನ್ನಮತ

1947ರ ಫೆಬ್ರವರಿಯಲ್ಲಿ ಸಲ್ಲಿಕೆಯಾದ ವರದಿಯು ಏಕಪತ್ನಿತ್ವವನ್ನು ಕಡ್ಡಾಯಗೊಳಿಸಿ, ನಿರ್ದಿಷ್ಟ ಕಾರಣಗಳ ಮೇಲೆ ವಿಚ್ಛೇದನಕ್ಕೆ ಅವಕಾಶ ನೀಡಿತು. ಮಹಿಳೆಗೆ ದೊರೆತ ಆಸ್ತಿಯ ಮೇಲೆ ಆಕೆಗೇ ಪೂರ್ಣ ಒಡೆತನವಿರಬೇಕೆಂದೂ, ಮಗನ ಪಾಲಿನ ಅರ್ಧದಷ್ಟು ಮಗಳಿಗೆ ಸಲ್ಲಬೇಕೆಂದೂ ಸೂಚಿಸಿತು. ಮಿತಾಕ್ಷರ ಪದ್ಧತಿಯಲ್ಲಿ ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಬರುತ್ತಿದ್ದ ಹಕ್ಕನ್ನು ಕೈಬಿಡುವ ಪ್ರಸ್ತಾವವೂ ಇದರಲ್ಲಿತ್ತು. ಸದಸ್ಯರಾದ ಮಿತ್ತರ್ ಅವರು ಹೆಚ್ಚಿನ ಸಾಕ್ಷ್ಯಗಳು ಸುಧಾರಣೆಗೆ ವಿರುದ್ಧವಾಗಿವೆಯೆಂದು ಭಿನ್ನಮತದ ಟಿಪ್ಪಣಿ ಬರೆದರು. ಜನಾಭಿಪ್ರಾಯದ ಎಣಿಕೆಯೇ ನಿರ್ಣಾಯಕವೋ, ನ್ಯಾಯದ ಅಗತ್ಯ ನಿರ್ಣಾಯಕವೋ ಎಂಬ ಪ್ರಶ್ನೆ ಹೀಗೆ ಸಮಿತಿಯೊಳಗೇ ಉಳಿಯಿತು.

ಸಂವಿಧಾನ ಸಭೆ ಮತ್ತು ವಿಶ್ವಸಂಸ್ಥೆ

1944–45ರಲ್ಲಿ ಜಮ್ಮು ಮತ್ತು ಕಾಶ್ಮೀರದ ಪ್ರಧಾನಮಂತ್ರಿಯಾಗಿದ್ದ ರಾಯರು 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾದರು. ಅಮೆರಿಕ, ಕೆನಡಾ, ಐರ್ಲೆಂಡ್ ಮತ್ತು ಬ್ರಿಟನ್‌ಗಳಿಗೆ ಭೇಟಿ ನೀಡಿ ಅಲ್ಲಿನ ತಜ್ಞರೊಂದಿಗೆ ಚರ್ಚಿಸಿದರು. 1947ರ ಅಕ್ಟೋಬರ್‌ನಲ್ಲಿ ಇವರು ಸಿದ್ಧಪಡಿಸಿದ ಮೊದಲ ಕರಡನ್ನು ಬಿ. ಆರ್. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಪರಿಶೀಲಿಸಿತು. ಬರ್ಮಾದ ಸಂವಿಧಾನ ರಚನೆಗೂ ನೆರವಾದರು. ಬಳಿಕ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷತೆ ಇವರದಾಗಿತ್ತು. 1952ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದ ಇವರು ಮರುವರ್ಷ ಜ್ಯೂರಿಕ್‌ನಲ್ಲಿ ನಿಧನರಾದರು.

ಸಂಹಿತೆಯ ಮುಂದಿನ ಹಾದಿ

ರಾವ್ ಸಮಿತಿಯ ಕರಡು 1947ರ ಏಪ್ರಿಲ್‌ನಲ್ಲಿ ಮಸೂದೆಯಾಗಿ ಮಂಡನೆಯಾಯಿತು. ಸ್ವಾತಂತ್ರ್ಯಾನಂತರ 1948ರಲ್ಲಿ ಅದು ಅಂಬೇಡ್ಕರ್ ನೇತೃತ್ವದ ಆಯ್ಕೆ ಸಮಿತಿಗೆ ಹೋಯಿತು. ಆ ಸಮಿತಿ ಮಗಳ ಪಾಲನ್ನು ಅರ್ಧದಿಂದ ಮಗನ ಪಾಲಿಗೆ ಸಮನಾಗಿ ಹೆಚ್ಚಿಸಿತು. ದೀರ್ಘ ಚರ್ಚೆಯ ನಂತರವೂ ಮಸೂದೆ ಅಂಗೀಕಾರವಾಗದ ಕಾರಣ ಅಂಬೇಡ್ಕರ್ 1951ರಲ್ಲಿ ಸಚಿವ ಸ್ಥಾನಕ್ಕೆ ರಾಜೀನಾಮೆ ನೀಡಿದರು. ಮುಂದೆ ಸಂಹಿತೆಯನ್ನು ಪ್ರತ್ಯೇಕ ಮಸೂದೆಗಳಾಗಿ ವಿಭಜಿಸಲಾಯಿತು. ಸಂಸತ್ತಿನ ಜಂಟಿ ಸಮಿತಿಗಳ ಪರಿಶೀಲನೆಯ ನಂತರ ಹಿಂದೂ ವಿವಾಹ ಕಾಯಿದೆ 1955ರಲ್ಲಿ, ಉತ್ತರಾಧಿಕಾರ ಕಾಯಿದೆ 1956ರಲ್ಲಿ ಜಾರಿಗೆ ಬಂದವು. ಅಷ್ಟರಲ್ಲಿ ರಾಯರು ತೀರಿಕೊಂಡಿದ್ದರು.

ಏಕಪತ್ನಿತ್ವ, ವಿಚ್ಛೇದನ ಮತ್ತು ಮಹಿಳೆಯ ಪೂರ್ಣ ಒಡೆತನ ಈ ಕಾಯಿದೆಗಳಲ್ಲಿ ಸ್ಥಾನ ಪಡೆದವು. ಆದರೆ ಗಂಡುಮಕ್ಕಳಿಗೆ ಜನ್ಮತಃ ಬರುವ ಹಕ್ಕನ್ನು ಕೈಬಿಡುವ ಪ್ರಸ್ತಾವಕ್ಕೆ ಒಪ್ಪಿಗೆ ದೊರೆಯಲಿಲ್ಲ. ಕರ್ನಾಟಕವು 1994ರಲ್ಲಿ ತಿದ್ದುಪಡಿ ತಂದು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಹಕ್ಕು ನೀಡಿತಾದರೂ ಅದಕ್ಕೆ ಮೊದಲೇ ವಿವಾಹವಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿಯು ವಿವಾಹಿತ, ಅವಿವಾಹಿತರೆಂಬ ಭೇದವಿಲ್ಲದೆ ಈ ಹಕ್ಕನ್ನು ವಿಸ್ತರಿಸಿತು. ಜನ್ಮತಃ ಬರುವ ಹಕ್ಕನ್ನೇ ತೆಗೆದುಹಾಕಿ ರಾಯರ ಸಮಿತಿ ಸರಿಪಡಿಸಬಯಸಿದ್ದ ಅಸಮಾನತೆಯನ್ನು, ಈ ತಿದ್ದುಪಡಿಗಳು ಅದೇ ಹಕ್ಕನ್ನು ಹೆಣ್ಣುಮಕ್ಕಳಿಗೂ ನೀಡುವ ಮೂಲಕ ಸರಿಪಡಿಸಿದವು.

ಗೌರವ

1988ರಲ್ಲಿ ಭಾರತೀಯ ಅಂಚೆ ಇಲಾಖೆಯು ಬಿ. ಎನ್. ರಾಯರ ಸ್ಮರಣಾರ್ಥ ಅಂಚೆಚೀಟಿಯನ್ನು ಬಿಡುಗಡೆ ಮಾಡಿತು.