ಕ್ವಾಂಟಮ್ ಬಂದ ಮೇಲೆ ನ್ಯೂಟನ್ ನಿಯಮಗಳು ಸುಳ್ಳಾದವೇ?
ಸುಳ್ಳಾದವು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಹಾಗಲ್ಲ ಎಂದು ಲೆಕ್ಕ ಹಾಕಿ ತೋರಿಸಿದವರು ಪಾಲ್ ಎಹ್ರೆನ್‌ಫೆಸ್ಟ್. 1880ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಅವರು 1912ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಎಲೆಕ್ಟ್ರಾನ್ ಇಂಥ ಜಾಗದಲ್ಲೇ ಇದೆ ಎನ್ನಲಾಗದು, ಸರಿ. ಆದರೆ ಸರಾಸರಿ ತೆಗೆದರೆ? ಸರಾಸರಿ ಸಂವೇಗ ಬದಲಾಗುವ ದರ ಸರಾಸರಿ ಬಲಕ್ಕೆ ಸಮ ಎಂದು ಅವರು 1927ರಲ್ಲಿ ತೋರಿಸಿದರು. ಇದೇ ಎಹ್ರೆನ್‌ಫೆಸ್ಟ್ ಪ್ರಮೇಯ. ಕಣದ ಅಲೆ ಕಿರಿದಾಗಿರುವಷ್ಟು ಹೊತ್ತು ಇದು ಹೆಚ್ಚುಕಡಿಮೆ ನ್ಯೂಟನ್ ನಿಯಮವೇ. ಕ್ರಿಕೆಟ್ ಚೆಂಡಿನ ಅಲೆ ಹರಡುವುದು ಗೊತ್ತೇ ಆಗುವುದಿಲ್ಲ. ಪರಮಾಣುವಿನೊಳಗಿನ ಎಲೆಕ್ಟ್ರಾನಿನದು ಹಾಗಲ್ಲ, ಅಲ್ಲಿ ನ್ಯೂಟನ್ ಲೆಕ್ಕ ಕೈಕೊಡುತ್ತದೆ.

ಐನ್‌ಸ್ಟೈನ್, ಬೋರ್ ಇಬ್ಬರಿಗೂ ಆಪ್ತರಾಗಿದ್ದ, ಪಾಠ ಹೇಳುವುದರಲ್ಲಿ ಹೆಸರಾಗಿದ್ದ ಈ ಮೇಷ್ಟ್ರಿಗೆ ಹೊಸ ಭೌತವಿಜ್ಞಾನದ ಓಟದಲ್ಲಿ ತಾವು ಹಿಂದೆ ಬಿದ್ದೆವೆಂಬ ಕೊರಗಿತ್ತು. ಖಿನ್ನತೆಯಲ್ಲಿ ಬೆಂದ ಅವರು 1933ರಲ್ಲಿ ತಾವಾಗಿಯೇ ಪ್ರಾಣ ಕಳೆದುಕೊಂಡರು. ಆ ಪ್ರಮೇಯಕ್ಕೆ ಆಗಿನ್ನೂ ಆರು ವರ್ಷ.