ಬೆಳಕಿನ ಚಿತ್ರಕಾರ ಕ್ಲೋದ್ ಮೋನೆ

ಚಿತ್ರ ಬರೆಯಲು ಕುಳಿತಾಗ ನಾವು ಮೊದಲು ಪೆನ್ಸಿಲಿನಿಂದ ಗೆರೆ ಎಳೆದು, ಆಮೇಲೆ ಅದರೊಳಗೆ ಬಣ್ಣ ತುಂಬುತ್ತೇವೆ. ಆದರೆ ನಿಸರ್ಗದಲ್ಲಿ ಮರಕ್ಕಾಗಲಿ ಗುಡ್ಡಕ್ಕಾಗಲಿ ಸುತ್ತಲೂ ಕಪ್ಪು ಗೆರೆ ಇದೆಯೇ? ಒಂದು ಬಣ್ಣ ಮುಗಿದು ಇನ್ನೊಂದು ತೊಡಗುವ ಎಡೆಯನ್ನೇ ನಮ್ಮ ಕಣ್ಣು ಅಂಚೆಂದು ತಿಳಿಯುತ್ತದೆ. ಈ ಸತ್ಯವನ್ನು ಬಾಳಿನುದ್ದಕ್ಕೂ ಅರಸಿದವರು ಫ್ರಾನ್ಸಿನ ಕ್ಲೋದ್ ಮೋನೆ.

1840ರ ನವೆಂಬರ್ 14ರಂದು ಪ್ಯಾರಿಸ್ಸಿನಲ್ಲಿ ಜನಿಸಿದ ಮೋನೆ ಬೆಳೆದದ್ದು ಲ ಹಾವ್ರ್ ಎಂಬ ಬಂದರಿನಲ್ಲಿ. ಅಲ್ಲಿ ಬೂದಿನ್ ಎಂಬ ಹಿರಿಯ ಚಿತ್ರಕಾರರು ಅವರನ್ನು ಬಯಲಿಗೆ ಕರೆದೊಯ್ದು, ಕಂಡದ್ದನ್ನು ಅಲ್ಲಿಯೇ ಕುಳಿತು ಚಿತ್ರಿಸುವುದನ್ನು ಕಲಿಸಿದರು. 1874ರ ಪ್ಯಾರಿಸ್ ಪ್ರದರ್ಶನದಲ್ಲಿ ಮೋನೆ ಅದೇ ಬಂದರಿನ ಸೂರ್ಯೋದಯದ ಚಿತ್ರವನ್ನಿಟ್ಟರು. ಖಚಿತವಾದ ಗೆರೆಗಳಿಲ್ಲದ ಆ ಚಿತ್ರವನ್ನು ಅರೆಬರೆ ಕೆಲಸವೆಂದು ವಿಮರ್ಶಕರೊಬ್ಬರು ಹಾಸ್ಯ ಮಾಡಿದರು. ಮುಂದೆ ಆ ಚಿತ್ರದ ಹೆಸರಿನಿಂದಲೇ ಇಂಪ್ರೆಷನಿಸಂ ಎಂಬ ಪಂಥಕ್ಕೆ ಹೆಸರು ಬಂತು. ಅದರಲ್ಲೊಂದು ವಿಸ್ಮಯವಿದೆ. ಕಿತ್ತಳೆ ಬಣ್ಣದ ಸೂರ್ಯನಿಗೂ ಬೂದುನೀಲಿ ಆಕಾಶಕ್ಕೂ ಹೊಳಪು ಹೆಚ್ಚುಕಡಿಮೆ ಒಂದೇ. ಕಪ್ಪುಬಿಳುಪಿನಲ್ಲಿ ಅಚ್ಚು ಹಾಕಿದರೆ ಸೂರ್ಯ ಆಕಾಶದಲ್ಲಿ ಬಹುಮಟ್ಟಿಗೆ ಕರಗಿಹೋಗುತ್ತಾನೆ!

ರುವಾನ್ ಪಟ್ಟಣದ ಚರ್ಚನ್ನು ಅವರು ಹೊತ್ತುಹೊತ್ತಿಗೂ ಬೇರೆಬೇರೆ ಬಣ್ಣಗಳಲ್ಲಿ ಚಿತ್ರಿಸಿದರು. 1895ರಲ್ಲಿ ಅಂಥ 20 ಚಿತ್ರಗಳನ್ನು ಪ್ರದರ್ಶಿಸಿದರು. ಕಲ್ಲು ಒಂದೇ, ಬೆಳಕು ಮಾತ್ರ ಬೇರೆ.

ಇಂಥ ಕಣ್ಣಿಗೇ ವಿಧಿ ಕೈಹಾಕಿತು. 1912ರಲ್ಲಿ ಎರಡು ಕಣ್ಣುಗಳಲ್ಲೂ ಪೊರೆ ಇರುವುದು ಪತ್ತೆಯಾಯಿತು. ಪೊರೆ ಬೆಳೆದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ ಬೆಳಕನ್ನು ತಡೆಯುತ್ತದೆ, ಅಂಚುಗಳು ಮಸಕಾಗುತ್ತವೆ. ಅವರ ತೋಟದ ಸೇತುವೆ ಚಿತ್ರಗಳಲ್ಲಿ ಕೆಂಪು, ಕಂದು ಬಣ್ಣಕ್ಕೆ ತಿರುಗಿತು. ಬಣ್ಣ ಗುರುತಿಸಲು ಅವರು ಕೊಳವೆಗಳ ಮೇಲಿನ ಹೆಸರುಗಳನ್ನು ನೆಚ್ಚಿಕೊಂಡರು. ಶಸ್ತ್ರಚಿಕಿತ್ಸೆಗೆ ವರ್ಷಗಟ್ಟಲೆ ಅಂಜಿದ ಮೋನೆ, 1923ರಲ್ಲಿ, 82ನೆಯ ವಯಸ್ಸಿನಲ್ಲಿ, ಬಲಗಣ್ಣಿಗೆ ಮಾತ್ರ ಅದನ್ನು ಮಾಡಿಸಿಕೊಂಡರು. ಆಗ ಎಲ್ಲವೂ ಅತಿ ನೀಲಿಯಾಗಿ ಕಂಡಿತು! ಬಣ್ಣದ ಕನ್ನಡಕ ಧರಿಸಿ ಮತ್ತೆ ಕುಂಚ ಹಿಡಿದರು.

1926ರ ಡಿಸೆಂಬರ್ 5ರಂದು ಅವರು ತೀರಿಕೊಂಡರು. ದೇಶಕ್ಕೆ ಅವರು ಕಾಣಿಕೆಯಾಗಿತ್ತ ಬೃಹತ್ ನೈದಿಲೆ ಚಿತ್ರಗಳು 1927ರಲ್ಲಿ ಪ್ಯಾರಿಸ್ಸಿನ ಒರಾಂಜರಿ ಭವನದಲ್ಲಿ ಜನರಿಗೆ ತೆರೆದವು.

ವಿದ್ಯಾರ್ಥಿ ಮಿತ್ರರೇ, ಮನೆಯ ಅಜ್ಜಿ ಕಡುನೀಲಿ ಸೀರೆಯನ್ನು ಕಪ್ಪು ಎಂದರೆ ನಗಬೇಡಿ. ಅವರಿಗೆ ಕಾಣುವುದೇ ಹಾಗಿರಬಹುದು. ಕೈಹಿಡಿದು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮುಂದಿನ ಸಲ ಚಿತ್ರ ಬರೆಯುವಾಗ, ಗೆರೆ ಎಳೆಯುವ ಮುನ್ನ ಒಂದಿಷ್ಟು ಹೊತ್ತು ಸುಮ್ಮನೆ ನೋಡಿರಿ. ನೋಡುವುದೂ ಒಂದು ವಿದ್ಯೆಯೇ.